ಅಖೀಕದ ಖರ್ಚು ಯಾರ ಹೆಗಲಿಗೆ?

ಮಗು ಹುಟ್ಟಿದ ಮನೆಯಲ್ಲಿ ಸಂತೋಷದ ಜೊತೆಗೇ ಲೆಕ್ಕವೂ ಶುರುವಾಗುತ್ತದೆ. ತೊಟ್ಟಿಲು ಯಾರು ತರಬೇಕು, ಚಿನ್ನ ಎಷ್ಟು ಹಾಕಬೇಕು, ಅಖೀಕಕ್ಕೆ ಎಷ್ಟು ಜನ. ಘಟ್ಟ ಹತ್ತಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ನೆಲೆಸಿದರೂ ಈ ರೂಢಿ ನಮ್ಮ ಬೆನ್ನು ಬಿಟ್ಟಿಲ್ಲ. ಚೊಚ್ಚಲ ಹೆರಿಗೆ ತವರಿನದು ಅಂತ ಹೇಳಿ ಎಲ್ಲವೂ ಹೆಣ್ಣಿನ ಮನೆಯವರ ತಲೆಗೆ. ಮದುವೆಯ ಸಾಲ ತೀರಿರುವುದಿಲ್ಲ, ಇನ್ನೊಂದು ಸಾಲ.

ದೀನ್ ಹೇಳುವುದು ಬೇರೆಯೇ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅಖೀಕ ಬಲವಾದ ಸುನ್ನತ್ತು, ಕಡ್ಡಾಯವಲ್ಲ. ಅದು ಮಗುವಿನ ಖರ್ಚಿಗೆ ಹೊಣೆಯಾದ ತಂದೆಯ ಮೇಲೆ, ಅದೂ ಕೈಲಾದರೆ. ಏಳನೇ ದಿನ ಉತ್ತಮ. ಆಗದಿದ್ದರೆ ಮಗು ಪ್ರಾಯಕ್ಕೆ ಬರುವವರೆಗೂ ಸಮಯವಿದೆ. ಗಂಡಿಗೆ ಎರಡು ಆಡು, ಹೆಣ್ಣಿಗೆ ಒಂದು; ಗಂಡಿಗೂ ಒಂದೇ ಕೊಟ್ಟರೆ ಸುನ್ನತ್ತು ಸಿಗುತ್ತದೆ. ಪ್ರವಾದಿ(ಸ)ಯವರು ಹಸನ್, ಹುಸೈನ್‌ರಿಗೆ ಒಂದೊಂದು ಟಗರು ಕೊಟ್ಟ ವರದಿ ಅಬೂದಾವೂದ್‌ನಲ್ಲಿದೆ. ಬಡವರನ್ನು ಕರೆದು ಉಣಿಸುವುದಕ್ಕಿಂತ ಬೇಯಿಸಿ ಅವರ ಮನೆಗೇ ಕಳಿಸುವುದು ಮೇಲು ಎಂದು ನಮ್ಮ ಕಿತಾಬುಗಳೇ ಹೇಳುತ್ತವೆ. ಹಾಗಾದರೆ ಈ ಹಾಲ್, ಶಾಮಿಯಾನ, ಐನೂರು ಪ್ಲೇಟು ಎಲ್ಲಿಂದ ಬಂತು? (ಹನಫಿ ಮದ್‌ಹಬ್‌ನಲ್ಲಿ ಅಖೀಕಕ್ಕೆ ಇಷ್ಟು ಒತ್ತಿಲ್ಲ, ಪಕ್ಕದ ಮನೆಯವರು ಮಾಡಲಿಲ್ಲವೆಂದು ನಾವು ಆಡಿಕೊಳ್ಳುವುದು ಬೇಡ.)

ಉಳಿದದ್ದಕ್ಕೆ ಖರ್ಚೇ ಇಲ್ಲ. ಬಲಕಿವಿಯಲ್ಲಿ ಬಾಂಗ್, ಎಡಕಿವಿಯಲ್ಲಿ ಇಕಾಮತ್ ಹೇಳಲು ಉಸ್ತಾದರೇ ಬೇಕೆಂದಿಲ್ಲ, ತಂದೆಯೇ ಹೇಳಬಹುದು. ಮುಡಿ ತೆಗೆದು ಅದರ ತೂಕದ ಬೆಳ್ಳಿಯ ಬೆಲೆ ಸದಕ ಕೊಡುವುದು ಸುನ್ನತ್ತು; ಎಳೆ ಕೂದಲಿನ ತೂಕವಾದರೂ ಎಷ್ಟು! ತಹ್ನೀಕ್‌ಗೆ ಖರ್ಜೂರವನ್ನು ಚೆನ್ನಾಗಿ ಮೆದು ಮಾಡಿ ಅಂಗುಳಕ್ಕೆ ಸವರಿದರೆ ಸಾಕು. ಜೇನು ಮಾತ್ರ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಅದು ಅಪಾಯವೆಂದು ವೈದ್ಯರು ಹೇಳುತ್ತಾರೆ. ತೂಕ ಕಡಿಮೆಯಿದ್ದು ಹುಟ್ಟಿದ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ.

ಏಳನೇ ದಿನ ಹೆಸರಿಟ್ಟ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಮತ್ತು ಅದು ಹೆರಿಗೆಯಾದ ಊರಲ್ಲೇ ಆಗುತ್ತದೆ. ಮುಂಡಗೋಡದವರ ಮಗು ಹುಬ್ಬಳ್ಳಿಯಲ್ಲಿ ಹುಟ್ಟಿದರೆ ದಾಖಲೆಯೂ ಹುಬ್ಬಳ್ಳಿಯದೇ. ಊರಿಗೆ ಬಂದು ಹುಡುಕಿದರೆ ಸಿಗುವುದಿಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್‌ಗೆಲ್ಲ ಹುಟ್ಟಿದ ದಿನ, ಊರಿನ ಪುರಾವೆ ಈ ಸರ್ಟಿಫಿಕೇಟೇ. ಬಾಂಗ್ ಹೇಳಿದ ತಂದೆಯೇ ಹೋಗಿ ಹೆಸರು ಬರೆಸಲಿ, ತಾಯಿಯ ಹೆಸರಿನ ಅಕ್ಷರವನ್ನೂ ಆಧಾರ್ ಜೊತೆ ಅಲ್ಲೇ ತಾಳೆ ನೋಡಲಿ.