ಕೆಂಪು ಕಿವಿ ಆಮೆ ನಮ್ಮ ಕೆರೆಗೆ ಬೇಡ

ಬೆಂಗಳೂರಲ್ಲಿರೋ ನೆಂಟರು ರಜಕ್ಕೆ ಬರುವಾಗ ಡಬ್ಬೀಲಿ ಆಮೆ ತಂದು "ನಿಮ್ಮ ಕೃಷಿ ಹೊಂಡಕ್ಕೆ ಬಿಡ್ಲಾ" ಅಂತ ಕೇಳ್ತಾರೆ. ನನ್ನ ಹತ್ರ ಇಬ್ಬರು ಕೇಳಿದ್ರು, ಬೇಡ ಅಂದೆ. ದೇವರಂಥ ಪ್ರಾಣಿಗೆ ಜಾಗ ಇಲ್ವಾ ಅಂತ ಒಬ್ಬರಿಗೆ ಬೇಜಾರಾಯ್ತು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಕಣ್ಣಿನ ಹಿಂದೆ ಕುಂಕುಮ ಎಳೆದಂಗೆ ಕೆಂಪು ಪಟ್ಟೆ, ಕತ್ತಿನ ಮೇಲೆ ಹಳದಿ ಗೆರೆ, ಮರಿ ಆದ್ರೆ ಭತ್ತದ ಸಸಿ ಥರ ಎಳೆ ಹಸಿರು. ಹೆಸರು ರೆಡ್ ಇಯರ್ಡ್ ಸ್ಲೈಡರ್. ಊರು ಅಮೆರಿಕದ ಮಿಸಿಸಿಪ್ಪಿ ನದಿ ಬಯಲು. ಅಲ್ಲಿ ನಿಧಾನಕ್ಕೆ ಹರಿಯೋ ನೀರು, ಕೆಸರು ತಳ, ಜೊಂಡು, ನೀರಿಗೆ ಬಿದ್ದ ಮರದ ದಿಮ್ಮಿ ಇದಕ್ಕೆ ಬೇಕು. ದಿಮ್ಮಿ ಮೇಲೆ ಒಂದರ ಮೇಲೊಂದು ಹತ್ತಿ ಬಿಸಿಲು ಕಾಯ್ತಾವೆ, ಹೆಜ್ಜೆ ಸದ್ದಾದ್ರೆ ಜರ್ರನೆ ನೀರಿಗೆ ಜಾರ್ತಾವೆ. ಸ್ಲೈಡರ್ ಅನ್ನೋ ಹೆಸರು ಅದಕ್ಕೇ. ಚಳಿಗಾಲದಲ್ಲಿ ತಳದ ಕೆಸರಲ್ಲಿ ಊಟ ಬಿಟ್ಟು ಬಿದ್ದಿರುತ್ತೆ. ಅಲ್ಲಿ ಇದರ ಮೊಟ್ಟೆ ತಿನ್ನೋಕೆ ರಕೂನ್ ಇದೆ, ಸ್ಕಂಕ್ ಇದೆ, ದೊಡ್ಡದನ್ನ ಹಿಡಿಯೋಕೆ ಅಲಿಗೇಟರ್ ಇದೆ. ಲೆಕ್ಕ ಸರಿಹೋಗುತ್ತೆ.

ಅಂಗಡೀಲಿ ಮಾರುವಾಗ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಬೆಳೆದ ಹೆಣ್ಣು ಒಂದು ಅಡಿ ಹತ್ರ ಬರುತ್ತೆ, 20-30 ವರ್ಷ ಬದುಕುತ್ತೆ. ಗಾಜಿನ ತೊಟ್ಟಿ ನಾರೋಕೆ ಶುರುವಾದಾಗ ಪೇಟೆಯವರಿಗೆ ನಮ್ಮ ಕೆರೆ ನೆನಪಾಗುತ್ತೆ.

"ಪಾಚಿ ತಿಂದು ನೀರು ಕ್ಲೀನ್ ಮಾಡುತ್ತೆ" ಅಂತಾರೆ. ದೊಡ್ಡದು ಸೊಪ್ಪು, ಪಾಚಿ ತಿನ್ನೋದು ನಿಜ. ಆದ್ರೆ ಮರಿಗೆ ಬೇಕಾದ್ದು ಗೊದಮೊಟ್ಟೆ, ಬಸವನಹುಳು, ಸಣ್ಣ ಮೀನು. ಕಪ್ಪೆ ಕಮ್ಮಿಯಾದ್ರೆ ಗದ್ದೆ ಹುಳ ಹಿಡಿಯೋರು ಯಾರು? ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಂತೂ ಪಾಪ, ಅದಕ್ಕೆ ಹತ್ತಿ ಕೂರೋಕೂ ಜಾಗ ಇರಲ್ಲ.

ನಮ್ಮದೇ ಆಮೆ ಇದಾವಲ್ಲ ಸ್ವಾಮಿ. ಕೆರೆ ಬತ್ತಿದಾಗ ಕೆಸರಲ್ಲಿ ಹೂತ್ಕೊಂಡು ಮಳೆಗೆ ಕಾಯೋ ಮೆತ್ತನೆ ಚಿಪ್ಪಿನದು, ಮತ್ತೆ ಕರಿ ಆಮೆ. ಅವುಗಳ ಊಟಕ್ಕೆ, ಬಿಸಿಲು ಕಾಯೋ ಜಾಗಕ್ಕೆ ಇದು ಪಾಲುದಾರ ಆಗುತ್ತೆ, ರೋಗನೂ ತರಬಹುದು. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸ್ತು. ಅಮೆರಿಕದಲ್ಲೇ 1975ರಿಂದ 4 ಇಂಚಿಗಿಂತ ಚಿಕ್ಕ ಆಮೆ ಸಾಕೋಕೆ ಅಂತ ಮಾರೋ ಹಾಗಿಲ್ಲ, ಮಕ್ಕಳಿಗೆ ಸಾಲ್ಮೊನೆಲ್ಲಾ ಅಂಟುತ್ತೆ ಅಂತ. ಪಕ್ಕದ ಕೇರಳದ ತ್ರಿಶೂರಲ್ಲಿ ಕಾಲುವೇಲೇ ಸಿಕ್ಕಿದೆ.

ಈಗಾಗಲೇ ಮನೇಲಿ ಇರೋರು ತೊಟ್ಟೀಲೇ ಸಾಕಿ, ಮುಟ್ಟಿದ ಮೇಲೆ ಕೈ ತೊಳೀರಿ. ಆಗಲ್ಲ ಅಂದ್ರೆ ಅರಣ್ಯ ಇಲಾಖೆಯವರನ್ನ ಕೇಳಿ. ನಿಮ್ಮ ಹೊಂಡದಲ್ಲಿ ಕೆಂಪು ಪಟ್ಟೆದು ಕಂಡ್ರೆ ಫೋಟೋ ಇಲ್ಲಿ ಹಾಕಿ. ಹಿಡಿದು ಪಕ್ಕದ ಊರಿನ ಕೆರೆಗೆ ಮಾತ್ರ ಬಿಡಬೇಡಿ.