ಪಂಕ್ತಿಯ ಮರ್ಯಾದೆ



ಅದು 2000ದ ಬೇಸಿಗೆ ರಜೆ. ಸಂಜೆಯ ಪೂಜೆಯ ಹೊತ್ತು ಮೀರಿದರೂ ಮಗನು ಮನೆ ಸೇರಲಿಲ್ಲವಾಗಿ, ಅವನನ್ನು ಅರಸುತ್ತ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಸೈಬರ್ ಕೆಫೆಯೊಂದರ ಮೆಟ್ಟಿಲೇರಿದೆವು. ಒಳಗೆ ಇಂದಿರಾನಗರ, ಹಲಸೂರುಗಳ ಆರು ಮಂದಿ ಹುಡುಗರು ಆರು ಹಳೆಯ ಕಂಪ್ಯೂಟರುಗಳ ಮುಂದೆ ಕುಳಿತು ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದಲ್ಲಿ ಮುಳುಗಿದ್ದರು. ಕೋಪದಿಂದ ಮಗನ ಯಂತ್ರದ ಗುಂಡಿಯನ್ನು ಅದುಮಿ ಆರಿಸಿಬಿಟ್ಟೆವು. ಒಡನೆಯೇ ಉಳಿದ ಐವರ ಆಟವೂ ಸ್ತಬ್ಧವಾಯಿತು. ಯಾರೊಬ್ಬರೂ ಮಾತನಾಡಲಿಲ್ಲ, ಮಗನು ತಲೆ ತಗ್ಗಿಸಿ ನಮ್ಮ ಹಿಂದೆ ಬಂದನು.

ಒಂದು ಯಂತ್ರ ಆರಿದರೆ ಐದು ಏಕೆ ನಿಲ್ಲಬೇಕು? ಇದರ ಮರ್ಮವನ್ನು ಅನಂತರ ಮಗನೇ ತಿಳಿಸಿದನು. ಈ ಆಟಗಳಿಗೆ ಇಂಟರ್‌ನೆಟ್ಟೇ ಬೇಕಿರಲಿಲ್ಲ. ಕೋಣೆಯೊಳಗಿನ ಯಂತ್ರಗಳನ್ನು ತಂತಿಯಿಂದ ಜೋಡಿಸಿದರೆ ಸಾಕಿತ್ತು. 1993ರ ‘ಡೂಮ್’ ಆಟವನ್ನು ಹೀಗೆ ನಾಲ್ವರು ಆಡಬಹುದಿತ್ತು. 1997ರ ‘ಏಜ್ ಆಫ್ ಎಂಪೈರ್ಸ್’ ಎಂಟು ಮಂದಿಗೆ ಎಡೆ ಕೊಟ್ಟಿತು. ನೂರಾರು ಸೈನಿಕರ ಚಲನವಲನವನ್ನೆಲ್ಲ ಸಾಗಿಸುವ ಶಕ್ತಿ ಅಂದಿನ ಸಂಪರ್ಕಗಳಿಗಿರಲಿಲ್ಲ. ಆದುದರಿಂದ ಆಟಗಾರರ ಆಜ್ಞೆಗಳಷ್ಟೇ ತಂತಿಯಲ್ಲಿ ಹರಿಯುತ್ತಿದ್ದವು. ಯುದ್ಧದ ಲೆಕ್ಕವನ್ನು ಪ್ರತಿಯೊಂದು ಯಂತ್ರವೂ ತಾನೇ ಮಾಡಿಕೊಳ್ಳುತ್ತಿತ್ತು. ಆರೂ ಲೆಕ್ಕಗಳು ಒಂದೇ ಆಗಬೇಕಾದರೆ, ಎಲ್ಲರಿಂದಲೂ ಸುದ್ದಿ ಬರುವವರೆಗೆ ಯಾರೂ ಮುಂದಡಿ ಇಡುವಂತಿರಲಿಲ್ಲ. ಅತಿ ನಿಧಾನದ ಯಂತ್ರದ ವೇಗವೇ ಎಲ್ಲರ ವೇಗ. ಅಂತಹ ಯಂತ್ರ ಪಾಲಿಗೆ ಬಂದ ಗೆಳೆಯನನ್ನು ಹೊರಗಿಡದೆ, ಹುಡುಗರು ಚಿಕ್ಕ ಭೂಪಟವನ್ನು ಆರಿಸಿಕೊಂಡು ಹೊರೆ ತಗ್ಗಿಸುತ್ತಿದ್ದರಂತೆ.

ದಾಸೋಹದ ಪಂಕ್ತಿಯಲ್ಲಿ ಕೊನೆಯವರ ಪ್ರಸಾದ ಮುಗಿಯುವವರೆಗೆ ಏಳಬಾರದೆಂದು ಅವನಿಗೆ ಕಲಿಸಿದವರು ನಾವೇ. ಅವನು ಅದನ್ನು ಪಾಲಿಸುತ್ತಿದ್ದ ಎಡೆಯಲ್ಲಿ ಪಂಕ್ತಿಯನ್ನು ಕೆಡಿಸಿದವರೂ ನಾವೇ.

ಇಂದು ಆಟವು ಮಕ್ಕಳ ಅಂಗೈಯ ಮೊಬೈಲಿಗೆ ಬಂದಿದೆ. ಹಲವು ಆಟಗಳನ್ನು ದೂರದ ಸರ್ವರ್ ನಡೆಸುತ್ತದೆ. ಹಿಂದುಳಿದವನು ಹಿಂದೆಯೇ ಉಳಿಯುತ್ತಾನೆ, ಆಟ ಅವನಿಗಾಗಿ ನಿಲ್ಲದು. ಜೊತೆಗಾರರ ಮುಖವೂ ಕಾಣದು. ಹೊತ್ತಿಗೆ ಮಿತಿ ಬೇಕು, ನಿಜ. ಆದರೆ ಫೋನನ್ನು ಕಸಿದುಕೊಳ್ಳುವ ಮುನ್ನ ಮಗುವಿನ ಪಕ್ಕದಲ್ಲಿ ಗಳಿಗೆ ಹೊತ್ತು ಕುಳಿತು, ‘ಯಾರೊಡನೆ ಆಡುತ್ತಿರುವೆ?’ ಎಂದು ಕೇಳೋಣ. ಅಂದು ಆ ಮೆಟ್ಟಿಲೇರಿದ ನಾವು ಕೇಳದೆ ಹೋದುದು ಆ ಒಂದು ಮಾತನ್ನೇ.