ಅಚ್ಚಾಗದ ಪುಸ್ತಕಕ್ಕೂ ಮನ್ನಣೆ ಕೊಡಿ

ಗೆ,
ಮಾನ್ಯ ಅಧ್ಯಕ್ಷರು,
ಕನ್ನಡ ಪುಸ್ತಕ ಪ್ರಾಧಿಕಾರ, ಕನ್ನಡ ಭವನ, ಜೆ.ಸಿ. ರಸ್ತೆ, ಬೆಂಗಳೂರು

ವಿಷಯ: ಆನ್‌ಲೈನ್ ವೇದಿಕೆಗಳಲ್ಲಿ ಬರೆಯುವ ಸ್ವತಂತ್ರ ಲೇಖಕರಿಗೆ ಮನ್ನಣೆ ಹಾಗೂ ಕಾನೂನು ನೆರವು ಕೋರಿ ಮನವಿ

ಮಾನ್ಯರೇ,

ಪ್ರಕಾಶಕರ ಆಸರೆಯಿಲ್ಲದೆ ಮೊಬೈಲ್ ಆ್ಯಪ್‌ಗಳಲ್ಲಿ ಕಥೆ, ಕಾದಂಬರಿ ಬರೆಯುತ್ತಿರುವ ಕನ್ನಡ ಲೇಖಕರು ಈ ಮನವಿ ಸಲ್ಲಿಸುತ್ತಿದ್ದೇವೆ. ನಮ್ಮಲ್ಲಿ ಗೃಹಿಣಿಯರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ, ಹೊರನಾಡಿನಲ್ಲಿ ನೆಲೆಸಿದವರಿದ್ದಾರೆ. ನಮ್ಮನ್ನು ಓದುವವರು ಬೇಕಾದಷ್ಟು ಜನ ಇದ್ದರೂ ಸರ್ಕಾರದ ಲೆಕ್ಕದಲ್ಲಿ ನಾವು ಇನ್ನೂ ಲೇಖಕರಾಗಿಲ್ಲ.

2016ರ ಡಿಸೆಂಬರ್‌ನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗುಳಿಯಿತು. ಹೀಗಾಗಿ ನಮ್ಮಲ್ಲಿ ಬಹಳಷ್ಟು ಮಂದಿ ಧಾರಾವಾಹಿ ಆ್ಯಪ್‌ಗಳ ಕಡೆ ಹೊರಳಿದೆವು. ಅಲ್ಲಿನ ಷರತ್ತುಗಳು ಉದ್ದುದ್ದ ಇಂಗ್ಲಿಷಿನಲ್ಲಿರುತ್ತವೆ. ಕೊನೆಯಲ್ಲಿ ಒಂದು ಗುಂಡಿ ಒತ್ತಿದರೆ ಒಪ್ಪಿದಂತೆ. ಆಡಿಯೊ, ಅನುವಾದ, ವೆಬ್ ಸರಣಿ ಹೀಗೆ ಯಾವ ಯಾವ ಹಕ್ಕು ಕೈಬಿಟ್ಟು ಹೋಯಿತೆಂಬುದು ಲೇಖಕರಿಗೆ ಗೊತ್ತಾಗುವುದು ಎಷ್ಟೋ ಕಾಲದ ಮೇಲೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ನಮ್ಮ ಪರವಾಗಿಯೇ ಇದೆ: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತ. ಇದನ್ನು ಕನ್ನಡದಲ್ಲಿ ತಿಳಿಸಿ ಹೇಳುವವರಿಲ್ಲ.

ಕಳ್ಳತನದ ಕಾಟ ಇದಕ್ಕಿಂತ ದೊಡ್ಡದು. ನಮ್ಮ ಬಳಗದ ಲೇಖಕಿಯೊಬ್ಬರ ಕಾದಂಬರಿಯನ್ನು ವಿಡಿಯೊ ಚಾನೆಲ್ಲೊಂದು ಅಧ್ಯಾಯಕ್ಕೊಂದರಂತೆ ಯಂತ್ರದ ಧ್ವನಿಯಲ್ಲಿ ಓದಿಸಿತು. ಪಾತ್ರಗಳ ಹೆಸರನ್ನೂ ಬದಲಿಸಿರಲಿಲ್ಲ, ತೆಗೆದದ್ದು ಲೇಖಕಿಯ ಹೆಸರನ್ನು ಮಾತ್ರ. 2013ರ ಕೃತಿಸ್ವಾಮ್ಯ ನಿಯಮಾವಳಿಯ 75ನೇ ನಿಯಮದಂತೆ ಲಿಖಿತ ದೂರು ಕೊಟ್ಟರೆ ವೇದಿಕೆಯವರು 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆದರೆ 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಒದಗಿಸದಿದ್ದರೆ ಕದ್ದ ಮಾಲು ಮತ್ತೆ ತೆರೆದುಕೊಳ್ಳಬಹುದು. ತಿಂಗಳಿಗೆ ಕೆಲವು ನೂರು ರೂಪಾಯಿ ಸಂಭಾವನೆ ಪಡೆಯುವವರು ವಕೀಲರ ಶುಲ್ಕವನ್ನು ಎಲ್ಲಿಂದ ತರಬೇಕು?

ಆದ್ದರಿಂದ ಪ್ರಾಧಿಕಾರವು ಕನ್ನಡದಲ್ಲಿ ಮಾದರಿ ಒಪ್ಪಂದ ಪತ್ರವೊಂದನ್ನು ಸಿದ್ಧಪಡಿಸಿ ಪ್ರಕಟಿಸಬೇಕು. ಕೃತಿಚೌರ್ಯದ ದೂರು ಬರೆಯಲು, ಅಗತ್ಯಬಿದ್ದರೆ ನ್ಯಾಯಾಲಯಕ್ಕೆ ಹೋಗಲು ಉಚಿತ ನೆರವು ನೀಡುವ ಘಟಕ ತೆರೆಯಬೇಕು. ಇವೆರಡಕ್ಕೆ ಕಾಯುವಷ್ಟು ವ್ಯವಧಾನ ನಮಗಿಲ್ಲ.

ಯುವ ಬರಹಗಾರರ ಚೊಚ್ಚಲ ಕೃತಿಗೆ ನೀಡುವ ಪ್ರೋತ್ಸಾಹ ಧನವನ್ನು ಇ-ಪುಸ್ತಕವಾಗಿಯೇ ಹೊರಬರುವ ಕೃತಿಗಳಿಗೂ ವಿಸ್ತರಿಸಬೇಕೆಂಬುದು ನಮ್ಮ ಇನ್ನೊಂದು ಬೇಡಿಕೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲೇ ಆರಂಭವಾಗಿದೆ. ಸ್ವತಂತ್ರ ಲೇಖಕರಿಂದ ನೇರವಾಗಿ ಇ-ಪುಸ್ತಕ ಕೊಳ್ಳುವಂತೆ ಗ್ರಂಥಾಲಯ ಇಲಾಖೆಗೆ ತಾವು ಶಿಫಾರಸು ಮಾಡಬೇಕು. ತೆರಿಗೆಯಲ್ಲೂ ಇದೇ ತಾರತಮ್ಯ ಕಾಣುತ್ತದೆ. 2018ರಲ್ಲಿ ಇ-ಪುಸ್ತಕದ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಿದಾಗ, ಮುದ್ರಿತ ಆವೃತ್ತಿ ಇರುವ ಪುಸ್ತಕಗಳಿಗಷ್ಟೇ ಆ ರಿಯಾಯಿತಿ ದೊರೆಯಿತು. ಮೊದಲಿಗೇ ಪರದೆಯ ಮೇಲೆ ಬಂದ ಕೃತಿಗೆ ಈ ದಂಡ ಸಲ್ಲದು. ಈ ಷರತ್ತನ್ನು ಕೈಬಿಡುವಂತೆ ಜಿಎಸ್‌ಟಿ ಮಂಡಳಿಯ ಮುಂದೆ ವಾದಿಸಲು ರಾಜ್ಯ ಸರ್ಕಾರವನ್ನು ಒತ್ತಾಯಿಸಬೇಕೆಂದು ಕೋರುತ್ತೇವೆ.

ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆತ್ತಿಕೊಂಡು, ನಮ್ಮ ಪ್ರತಿನಿಧಿಗಳಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಮಾಡಿಕೊಡಬೇಕಾಗಿ ವಿನಂತಿ.


ತಮ್ಮ ವಿಶ್ವಾಸಿಗಳು,
ಆನ್‌ಲೈನ್ ವೇದಿಕೆಗಳ ಸ್ವತಂತ್ರ ಕನ್ನಡ ಲೇಖಕರು